ಎರಡು ಬೆರಳು ಎತ್ತರ

ರಂಗನಾಥನ ಪಿಕಪ್ಪಿಗೆ ದೊಡ್ಡ ಟೈರು ಬಂದದ್ದು ಕರಿಬಸವಯ್ಯನ ಒಂದೇ ಒಂದು ಮಾತಿನಿಂದ. ಗುಬ್ಬಿಯ ಹತ್ತಿರ ತೋಟದಲ್ಲಿ ಕಾಯಿ ತುಂಬಿಕೊಂಡು ಹೊರಟ ಗಾಡಿ ಕೆಸರಲ್ಲಿ ಹೂತುಹೋಗಿ, ಪಕ್ಕದ ತೋಟದ ಕರಿಬಸವಯ್ಯ ಟ್ರ್ಯಾಕ್ಟರ್ ತಂದು ಎಳೆದುಕೊಟ್ಟಿದ್ದ. ಎಳೆದುಕೊಟ್ಟು ಸುಮ್ಮನೆ ಮನೆಗೆ ಹೋಗಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಕಾಯಿ ಕೀಳುವವರು, ಸುಲಿಯುವವರು ಎಲ್ಲರಿಗೂ ಕೇಳುವ ಹಾಗೆ, "ಏನ್ಲಾ ರಂಗ, ಇದುಕ್ಕೆ ನಿನ್ ಮಗಳ ಸೈಕಲ್ ಟೈರ್ ಹಾಕ್ಸಿದೀಯಾ?" ಅಂದುಬಿಟ್ಟ. ಎಲ್ಲರೂ ನಕ್ಕರು. ರಂಗನಾಥನೂ ನಕ್ಕ. ಆದರೆ ಆ ನಗು ತುಮಕೂರಿನ ಉಪ್ಪಾರಹಳ್ಳಿಯ ಮನೆ ಮುಟ್ಟುವ ತನಕ ಅವನ ಗಂಟಲಲ್ಲೇ ಸಿಕ್ಕಿಕೊಂಡಿತ್ತು.

ಗಂಡಸಿಗೆ ಬೇರೆ ಏನಂದರೂ ತಡೆದುಕೊಳ್ಳುತ್ತಾನೆ, ಅವನ ಗಾಡಿಗೆ ಅಂದರೆ ಮುಗಿಯಿತು. ತಮ್ಮ ಗಂಗಾಧರನ ಮದುವೆ ಬೇರೆ ಹತ್ತಿರ ಬಂದಿತ್ತು. ನೆಂಟರೆಲ್ಲ ಸೇರುವ ಹೊತ್ತಿಗೆ ಗಾಡಿ ಎದೆಯೆತ್ತಿ ನಿಂತಿರಬೇಕು ಅಂತ ರಂಗನಾಥ ತುಮಕೂರಿನ ಅಂಜನ್‌ಕುಮಾರನ ಟೈರ್ ಅಂಗಡಿಗೆ ಹೋದ. ಅಂಜನ್‌ಕುಮಾರ್ ಕಂಪನಿಯಿಂದ ಬಂದಿದ್ದ ಅಳತೆಯ ಟೈರನ್ನೇ ತೋರಿಸಿದ. ರಂಗನಾಥ ಅದನ್ನು ಕಣ್ಣೆತ್ತಿಯೂ ನೋಡದೆ ಗೋಡೆಗೆ ಒರಗಿಸಿದ್ದ ದಪ್ಪ ಟೈರಿನ ಕಡೆ ಕೈ ಮಾಡಿದ.

"ಅದು ಎರಡು ಬೆರಳು ಎತ್ತರ ಜಾಸ್ತಿ ಇದೆ ಅಣ್ಣ, ಅಗಲಾನೂ ಜಾಸ್ತಿ" ಅಂದ ಅಂಜನ್‌ಕುಮಾರ್. "ಕೆಸರಿಗೆ ಚೆನ್ನಾಗಿರುತ್ತೆ, ಇಲ್ಲ ಅನ್ನಲ್ಲ. ಆದ್ರೆ ರೋಡಲ್ಲಿ ಬ್ರೇಕ್ ಹಿಡಿಯೋದು ಲೇಟಾಗುತ್ತೆ. ಏರಲ್ಲಿ ಎಳ್ಯಲ್ಲ. ಮೀಟ್ರು ಅರವತ್ತು ತೋರ್ಸಿದ್ರೆ ನೀನು ಅರವತ್ತೈದರಲ್ಲಿ ಇರ್ತೀಯ. ಗಾಡಿ ಬೇರೆ ಎತ್ತರ ಆಗುತ್ತೆ, ತಿರುವಲ್ಲಿ ವಾಲುತ್ತೆ."

"ಹಾಕಪ್ಪ ಹಾಕು. ನಾನೇನು ನಿನ್ನೆ ಡ್ರೈವಿಂಗ್ ಕಲ್ತವ್ನಾ?"

"ಖಾಲಿ ಓಡ್ಸಿದ್ರೆ ಏನೂ ಗೊತ್ತಾಗಲ್ಲ. ಲೋಡ್ ಹಾಕಿ ಸ್ಟೇರಿಂಗ್ ಪೂರ್ತಿ ತಿರುಗ್ಸಿ ನೋಡು. ಒಳಗಡೆ ಉಜ್ಜಿದ್ರೆ ವಾಪಸ್ ತಗೊಂಡ್ ಬಾ, ಬದಲಾಯ್ಸ್ ಕೊಡ್ತೀನಿ."

ರಂಗನಾಥ ಖಾಲಿ ಗಾಡಿಯಲ್ಲೇ ಊರೆಲ್ಲ ಒಂದು ಸುತ್ತು ಹಾಕಿದ. ಮಗಳು ಹರ್ಷಿತಾಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಬಿ.ಎಚ್. ರಸ್ತೆಯಲ್ಲಿ ಹೋಗುವಾಗ ಅವಳು, "ಅಪ್ಪಾ, ಬಸ್ಸಲ್ಲಿ ಕೂತಂಗೈತೆ!" ಅಂತ ಚಪ್ಪಾಳೆ ತಟ್ಟಿದಳು. ಲೋಡ್ ಹಾಕಿ ನೋಡುವ ಕೆಲಸ ಅವತ್ತಿಗೆ ಮರೆತುಹೋಯಿತು, ಆಮೇಲೆ ಬೇಕೆಂದೇ ಮರೆತುಹೋಯಿತು.

ಅವರ ಮನೆತನದಲ್ಲಿ ಒಂದು ಪದ್ಧತಿ ಇತ್ತು. ಮನೆಯಲ್ಲಿ ಮದುವೆ ಅಂದರೆ, ಗುಬ್ಬಿ ಕಡೆಯ ಹಳ್ಳಿಯಲ್ಲಿರುವ ಮನೆದೇವರಿಗೆ ಮೊದಲು ಕುಣಿಗಲ್ ದೊಡ್ಡಕೆರೆಯ ನೀರು ತಂದು ಮೀಯಿಸಬೇಕು. ಹಿಂದೆ ಯಾವ ಕಾಲದಲ್ಲೋ ಅವರ ಹಿರಿಯರು ಆ ಕೆರೆಯ ಕೆಳಗಿನ ಊರು ಬಿಟ್ಟು ಬಂದವರಂತೆ. ಮೈನೆರೆಯದ ಹುಡುಗಿ ಕಲಶ ಹಿಡಿಯಬೇಕು. ತುಂಬಿದ ಕಲಶ ನೆಲ ಮುಟ್ಟಬಾರದು, ಚೆಲ್ಲಬಾರದು, ದಾರಿಯಲ್ಲಿ ಗಾಡಿ ನಿಲ್ಲಬಾರದು, ಯಾರೂ ಇಳಿಯಬಾರದು. ಇದೆಲ್ಲ ಎತ್ತಿನ ಗಾಡಿಯ ಕಾಲದ ನಿಯಮ. ಪಿಕಪ್ಪು ಬಂದ ಮೇಲೆ ರಂಗನಾಥನ ಸೋದರತ್ತೆ ಚಿಕ್ಕಗಂಗಮ್ಮ ಅದಕ್ಕೆ ತನ್ನದೊಂದು ತಿದ್ದುಪಡಿ ಮಾಡಿದ್ದಳು: ಸಿಗ್ನಲ್ಲು, ಟ್ರಾಫಿಕ್ಕು ಬಂದರೆ ನಿಲ್ಲಬಹುದು, ಆದರೆ ಇಂಜಿನ್ ಆರಬಾರದು. ದೇವರಿಗೂ ಇಂಜಿನ್ನಿಗೂ ಏನು ಸಂಬಂಧ ಅಂತ ಅವಳನ್ನು ಕೇಳುವ ಧೈರ್ಯ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಹಾಗಾಗಿ ಮದುವೆಯ ವಾರ ಒಂದು ಬೆಳಿಗ್ಗೆ ಗಾಡಿ ಹೊರಟಿತು. ಕ್ಯಾಬಿನ್ನಲ್ಲಿ ರಂಗನಾಥ ಮತ್ತು ಮದುಮಗ ಗಂಗಾಧರ. ಹಿಂದೆ ಜಮಖಾನ ಹಾಸಿಕೊಂಡು ಚಿಕ್ಕಗಂಗಮ್ಮ, ರಂಗನಾಥನ ಹೆಂಡತಿ ಮಂಗಳಗೌರಿ, ಹರ್ಷಿತಾ, ನಾಲ್ಕೈದು ಜನ ನೆಂಟರ ಹೆಂಗಸರು. ಕುಣಿಗಲ್ ಮುಟ್ಟುವಷ್ಟರಲ್ಲಿ ಎರಡು ಸಲ, ತಿರುವಿನಲ್ಲಿ, ಕೆಳಗಿನಿಂದ 'ಗರ್ರ್' ಅನ್ನುವ ಸದ್ದು ಬಂತು. ಯಾರೋ ಕಟ್ಟಿಗೆಗೆ ಗರಗಸ ಇಟ್ಟಂತಹ ಸದ್ದು. ರಂಗನಾಥ ಹಾಡಿನ ವಾಲ್ಯೂಮ್ ಜಾಸ್ತಿ ಮಾಡಿದ.

ಕೆರೆ ಏರಿಯ ಮೇಲೆ ಹೆಂಗಸರು ಗಂಗೆಪೂಜೆ ಮಾಡುವಾಗ ಅವನು ಯಾರಿಗೂ ಗೊತ್ತಾಗದ ಹಾಗೆ ಮುಂದಿನ ಚಕ್ರದ ಹತ್ತಿರ ಕುಕ್ಕರಗಾಲಲ್ಲಿ ಕೂತ. ಒಳಗೆ ಕೈ ಹಾಕಿದರೆ ಟೈರಿನ ಅಂಚು ಬಿಸಿಯಾಗಿತ್ತು. ಮಡ್‌ಗಾರ್ಡಿನ ಒಳಮೈಯಲ್ಲಿ ರಬ್ಬರಿನ ಪುಡಿ, ಕರೀ ರಾಗಿಹಿಟ್ಟಿನ ಹಾಗೆ ಅಂಟಿಕೊಂಡಿತ್ತು. ಮಸಿಯಾದ ಬೆರಳನ್ನು ಹೊಸ ಪಂಚೆಗೆ ಒರೆಸಿಕೊಂಡು ಎದ್ದ. ತಲೆಯೆತ್ತಿದರೆ ಚಿಕ್ಕಗಂಗಮ್ಮ ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದಳು.

"ಏನಾಯ್ತ್ಲಾ?"

"ಏನಿಲ್ಲ ಅತ್ತೆ. ಕಲ್ಲು ಸಿಕ್ಕಾಕ್ಕೊಂಡಿತ್ತು."

ಆಗ ಹೇಳಬಹುದಿತ್ತು. ಇನ್ನೂ ಕಲಶ ತುಂಬಿರಲಿಲ್ಲ. ಒಂದು ಟೆಂಪೋ ಕರೆಸಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಅಷ್ಟು ಹೊತ್ತಿಗೆ ಕುಣಿಗಲ್ ಕಡೆಯ ನೆಂಟರು ನಾಲ್ಕು ಜನ ಬಂದು ಸೇರಿಕೊಂಡರು. ಅವರಲ್ಲೊಬ್ಬ ಗಾಡಿಯ ಸುತ್ತ ತಿರುಗಿ, "ಓಹೋ, ಏನ್ ಟೈರ್ ಗುರೂ! ಮಿಲಿಟ್ರಿ ಗಾಡಿ ಇದ್ದಂಗೈತೆ" ಅಂತ ಮೊಬೈಲಲ್ಲಿ ಫೋಟೋ ತೆಗೆದ. ರಂಗನಾಥ ಬಾನೆಟ್ಟಿಗೆ ಒರಗಿ ಹಲ್ಲು ಬಿಟ್ಟು ನಿಂತ. ಹಲ್ಲು ಬಿಟ್ಟು ಫೋಟೋ ತೆಗೆಸಿಕೊಂಡವನು ಮರುಕ್ಷಣಕ್ಕೆ ಈ ಟೈರು ಸರಿಯಿಲ್ಲ ಅಂತ ಯಾವ ಬಾಯಲ್ಲಿ ಹೇಳಿಯಾನು?

ದೇವರ ಅಡಿಗೆಗೂ ಅದೇ ನೀರಾಗಬೇಕು ಅಂತ ಎರಡು ದೊಡ್ಡ ಡ್ರಮ್ಮಿನಲ್ಲಿ ನೀರು ತುಂಬಿ ಹಿಂದೆ ಏರಿಸಿದರು. ಹೊಸದಾಗಿ ಬಂದ ನಾಲ್ವರಿಗೆ ಕೂರಲು ಜಾಗವಿಲ್ಲದೆ ಅವರು ಕಂಬಿ ಹಿಡಿದು ನಿಂತರು. ಹರ್ಷಿತಾಳಿಗೆ ಮಾತ್ರ ಹಿಂಬದಿಯ ಬಾಗಿಲ ಪಕ್ಕ ಒಂದು ಮಣೆ. ನೀರು ತಂದ ದಿಕ್ಕಿಗೆ ಬೆನ್ನು ಮಾಡಬಾರದು ಅಂತ ಅವಳು ಹಿಂದಕ್ಕೆ ಮುಖ ಮಾಡಿ ಕೂರಬೇಕು. ಮಡಿಲಲ್ಲಿ ತಾಮ್ರದ ಕಲಶ, ಮೇಲೆ ವೀಳ್ಯದೆಲೆ, ತೆಂಗಿನಕಾಯಿ. ಅವಳ ಬೆನ್ನ ಹಿಂದೆಯೇ ಚಿಕ್ಕಗಂಗಮ್ಮ ಕಾಲು ಚಾಚಿ ಕೂತಳು.

"ನಲ್ವತ್ತರ ಮೇಲೆ ಹೋಗ್ಬ್ಯಾಡ ಕಣೋ ರಂಗ. ನೀರು ಚೆಲ್ಲಿದ್ರೆ ಮನೆಗ್ ಒಳ್ಳೇದಲ್ಲ."

"ಆಯ್ತತ್ತೆ."

ಕುದುರೆ ಫಾರಂ ಗೋಡೆ ದಾಟಿ ಹೆಬ್ಬೂರಿನ ರಸ್ತೆಗೆ ತಿರುಗಿದಾಗಲೇ ರಂಗನಾಥನಿಗೆ ಗೊತ್ತಾಯಿತು, ಇದು ತಾನು ಇಷ್ಟು ವರ್ಷ ಓಡಿಸಿದ ಗಾಡಿಯಲ್ಲ. ಸ್ಟೇರಿಂಗು ಒದ್ದೆ ಚೀಲದಂತೆ ಭಾರವಾಗಿತ್ತು. ತಿರುಗಿಸಿದರೆ ಗಾಡಿ ಒಂದು ಗಳಿಗೆ ಯೋಚನೆ ಮಾಡಿ, ಆಮೇಲೆ ವಾಲಿ, ಆಮೇಲೆ ತಿರುಗುತ್ತಿತ್ತು. ಡ್ರಮ್ಮಿನ ನೀರು ಒಂದು ಕಡೆಗೆ ನುಗ್ಗಿ ಧಡ್ ಅಂತ ಹೊಡೆದು ವಾಪಸ್ಸು ಬರುತ್ತಿತ್ತು. ಅದರ ಜೊತೆಗೆ ನಿಂತವರು ವಾಲುತ್ತಿದ್ದರು, ಅವರ ಜೊತೆಗೆ ಇಡೀ ಗಾಡಿ. ಒಂದು ಹಂಪು ಕಂಡು ಬ್ರೇಕ್ ಒತ್ತಿದ. ಪೆಡಲ್ಲು ಕೆಳಗಿಳಿಯಿತೇ ಹೊರತು ಗಾಡಿ ನಿಲ್ಲುವ ಮನಸ್ಸು ಮಾಡಲಿಲ್ಲ. ಹಂಪಿನ ಮೇಲೆ ಹಾರಿಕೊಂಡೇ ಹೋಯಿತು.

ಹಿಂದಿನಿಂದ ಹೆಂಗಸರ ಕೂಗು. ಕ್ಯಾಬಿನ್ನಿನ ಗಾಜನ್ನು ಯಾರೋ ದಬದಬ ಬಡಿದರು.

"ನೀರು ಚೆಲ್ತು! ಲೇ, ನೀರು ಚೆಲ್ತು ಕಣೋ!" ಚಿಕ್ಕಗಂಗಮ್ಮನ ದನಿ. "ನಲ್ವತ್ತರ ಮೇಲ್ ಹೋಗ್ಬ್ಯಾಡ ಅಂದಿರ್ನಿಲ್ವಾ?"

ಮುಳ್ಳು ನಲವತ್ತರ ಕೆಳಗೇ ಇತ್ತು. ಆದರೆ ಆ ಮುಳ್ಳು ಸುಳ್ಳು ಹೇಳುತ್ತಿದೆ ಅಂತ ಗೊತ್ತಿದ್ದವನು ಗಾಡಿಯಲ್ಲಿ ರಂಗನಾಥ ಒಬ್ಬನೇ. ಹಿಂದೆ ಆಗಲೇ ಗುಸುಗುಸು ಶುರುವಾಗಿತ್ತು. ಯಾರೋ ಮೈಲಿಗೆಯಲ್ಲಿ ಗಾಡಿ ಹತ್ತಿರಬೇಕು, ಅದಕ್ಕೇ ಗಂಗಮ್ಮತಾಯಿ ಮುನಿದಿದ್ದಾಳೆ ಅಂತ ಒಬ್ಬಳು ಅಂದಳು. ಇನ್ನೊಬ್ಬಳು ಮಂಗಳಗೌರಿಯ ಕಡೆ ತಿರುಗಿ, "ನಿಂದೇನಾರ ಡೇಟು ಐತೇನವ್ವ?" ಅಂತ ಮುಖಕ್ಕೇ ಕೇಳಿದಳು. ಮಂಗಳಗೌರಿಯ ಮುಖ ಕೆಂಪಾಯಿತು. ತೆರೆದ ಕಿಟಕಿಯಿಂದ ಈ ಮಾತೆಲ್ಲ ರಂಗನಾಥನ ಕಿವಿಗೆ ಬಿತ್ತು. ಬಾಯಿ ಬಿಟ್ಟರೆ ಟೈರಿನ ವಿಷಯ ಹೊರಬರುತ್ತದೆ. ನೀರು ಮತ್ತೆ ಚೆಲ್ಲದಿದ್ದರೆ ಯಾರೂ ಏನೂ ಕೇಳುವುದಿಲ್ಲ. ಅವನು ಕಿಟಕಿಯಿಂದ ತಲೆ ಹೊರಗೆ ಹಾಕಿ ಹಿಂದಕ್ಕೆ ಕೂಗಿದ.

"ಹರ್ಷೀ! ಎರಡೂ ಕೈಲಿ ಗಟ್ಟಿಯಾಗಿ ಹಿಡ್ಕೋ. ಏನಾದ್ರೂ ಆಗ್ಲಿ, ಬಿಡ್ಬೇಡ. ಗೊತ್ತಾಯ್ತಾ?"

"ಹೂಂ ಅಪ್ಪಾ!"

ಕನ್ನಡಿಯಲ್ಲಿ ಹುಡುಗಿಯ ಒಂದು ಭುಜ ಮತ್ತು ತೋಳು ಕಾಣುತ್ತಿತ್ತು. ಅಲ್ಲಿಯವರೆಗೆ ಕಂಬಿ ಹಿಡಿದಿದ್ದ ಆ ಕೈ ಕಂಬಿ ಬಿಟ್ಟು ಕಲಶಕ್ಕೆ ಹೋಯಿತು. ಅದನ್ನು ರಂಗನಾಥ ನೋಡಿದ. ಹಿಂಬದಿಯ ಬಾಗಿಲು ಅವಳ ಮೊಣಕಾಲಿನಷ್ಟು ಎತ್ತರ. ಅದರಾಚೆ ಟಾರು ರಸ್ತೆ.

ಮೊದಲೇ ಹೇಳಬೇಕಿತ್ತು, ಗಂಗಾಧರ ಗುಬ್ಬಿ ಹತ್ತಿರದ ಬಿದರೆಹಳ್ಳ ಕಾವಲಿನ ಹೆಲಿಕಾಪ್ಟರ್ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದವನು. ಆಕಾಶದಲ್ಲಿ ಹಾರುವುದರ ಬಗ್ಗೆ ಎಷ್ಟೇ ಗೊತ್ತಿದ್ದರೂ, ಅವತ್ತು ಮಾತ್ರ ಅವನಿಗೆ ನೆಲದ ಮೇಲಿನದು ಯಾವುದೂ ಬೇಕಿರಲಿಲ್ಲ. ಮದುವೆ ಹುಡುಗಿ ಸಂಧ್ಯಾಗೆ ಮೆಸೇಜ್ ಮಾಡುತ್ತ ತನ್ನಷ್ಟಕ್ಕೆ ತಾನೇ ನಗುತ್ತಿದ್ದವನು ಈಗ ಮೂಗರಳಿಸಿದ.

"ಅಣ್ಣಾ, ಏನೋ ಸುಟ್ಟ ವಾಸ್ನೆ ಬರ್ತಾ ಇದೆ."

"ಯಾರೋ ಹೊಲದಲ್ಲಿ ಕಸ ಸುಡ್ತಾವ್ರೆ."

"ರಬ್ಬರ್ ವಾಸ್ನೆ ಇದ್ದಂಗಿದೆ."

"ಟೈರ್ ಸುಡ್ತಾವ್ರೇನೋ ಬುಡು" ಅಂದ ರಂಗನಾಥ. ತಾನಾಡಿದ ಮಾತು ತನಗೇ ಕೇಳಿ ಅವನು ಕಿಟಕಿಯ ಗಾಜು ಏರಿಸಿದ.

ಮುಂದೆ ಒಂದು ಏರು. ಹಳೆಯ ಟೈರಿನಲ್ಲಿ ಮೂರನೇ ಗೇರಲ್ಲಿ ಹತ್ತುತ್ತಿದ್ದ ಗಾಡಿ ಈಗ ಎರಡಕ್ಕೆ ಇಳಿದರೂ ಏದುಸಿರು ಬಿಟ್ಟಿತು. ಇಂಜಿನ್ನು ಒರಲುತ್ತಿತ್ತು, ಗಾಡಿ ತೆವಳುತ್ತಿತ್ತು. ರಂಗನಾಥನಿಗೆ ಏರಿನ ಭಯವಿರಲಿಲ್ಲ. ಏರಿನಾಚೆ ಇಳಿಜಾರಿದೆ, ಇಳಿಜಾರಿನ ತುದಿಯಲ್ಲಿ ಎಡಕ್ಕೆ ತಿರುವಿದೆ, ತಿರುವಿನಲ್ಲಿ ಒಂದು ಕೆರೆಕೋಡಿಯ ಸಣ್ಣ ಸೇತುವೆ ಇದೆ. ಎಷ್ಟು ಸಲ ಓಡಾಡಿದ ದಾರಿ! ಕಣ್ಣು ಮುಚ್ಚಿ ಓಡಿಸುತ್ತಿದ್ದ ದಾರಿಯನ್ನು ಈಗ ಒಂದೊಂದು ಮಾರಾಗಿ ಲೆಕ್ಕ ಹಾಕಿದ.

ಏರಿನ ನೆತ್ತಿಯಲ್ಲಿ ಒಂದು ಹುಣಸೇಮರ, ಅದರ ಕೆಳಗೆ ವಿಶಾಲವಾದ ಮಟ್ಟಸದ ಜಾಗ. ಎಳನೀರಿನವನೊಬ್ಬ ಅಲ್ಲಿ ಗಾಡಿ ಹಾಕಿಕೊಂಡು ಕೂತಿದ್ದ. ನಿಲ್ಲಿಸಿದರೆ ಇಲ್ಲೇ ನಿಲ್ಲಿಸಬೇಕು. ರಂಗನಾಥನ ಕಾಲು ಬ್ರೇಕಿನ ಮೇಲೆ ಹೋಯಿತು. ನಿಲ್ಲಿಸಿದರೆ ಅತ್ತೆ ಕೇಳುತ್ತಾಳೆ. ಎಲ್ಲರೂ ಇಳಿದು ಚಕ್ರದ ಸುತ್ತ ಸೇರುತ್ತಾರೆ. ಫೋಟೋ ತೆಗೆದವನು ಮೊದಲು ನಗುತ್ತಾನೆ. ಮದುವೆಗೆ ಬಂದವರೆಲ್ಲ, ಕಡೆಗೆ ಕರಿಬಸವಯ್ಯ ಕೂಡ, ರಂಗನ ಟೈರಿನಿಂದ ದೇವರ ನೀರು ದಾರಿಯಲ್ಲಿ ನಿಂತುಹೋಯಿತಂತೆ ಅಂತ ಹತ್ತು ವರ್ಷ ಹೇಳುತ್ತಾರೆ. ನಿಲ್ಲಿಸಬಾರದು ಅಂತ ಪದ್ಧತಿಯೇ ಇದೆಯಲ್ಲ, ತನ್ನದೇನು ತಪ್ಪು? ನಿಧಾನಕ್ಕೆ ಇಳಿಸಿದರಾಯಿತು.

ಹುಣಸೇಮರ ಹಿಂದಾಯಿತು.

ಇಳಿಜಾರಿನಲ್ಲಿ ಗಾಡಿ ತಾನಾಗಿಯೇ ವೇಗ ಹಿಡಿಯಿತು. ಎರಡನೇ ಗೇರು ಕೂಡ ಮೊದಲಿನಂತೆ ಹಿಡಿದು ನಿಲ್ಲಿಸುತ್ತಿರಲಿಲ್ಲ. ಬ್ರೇಕ್ ಒತ್ತಿದ, ಬಿಟ್ಟ, ಮತ್ತೆ ಒತ್ತಿದ. ಪ್ರತಿ ಸಲ ಒತ್ತಿದಾಗ ಗಾಡಿಯ ಮೂತಿ ಕೆಳಗೆ ಬಾಗಿ ಚಕ್ರದ ಹತ್ತಿರ ಗರ್ರ್ ಅನ್ನುತ್ತಿತ್ತು. ಈಗ ಹಾಡು ಹಾಕಿದರೂ ಮುಚ್ಚದಷ್ಟು ಜೋರು. ಗಂಗಾಧರ ಮೊಬೈಲ್ ಕೆಳಗಿಟ್ಟ.

"ಅಣ್ಣಾ, ಏನದು ಸದ್ದು?"

ತಿರುವಿಗೆ ಸ್ವಲ್ಪ ಮೊದಲು ಒಂದು ಪ್ರೈವೇಟ್ ಬಸ್ಸು ರಸ್ತೆಯ ಮಧ್ಯದಲ್ಲೇ ನಿಂತು ಜನ ಇಳಿಸುತ್ತಿತ್ತು. ಬಸ್ಸಿನ ಹಿಂದೆ ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತ ಹೆಂಗಸೊಬ್ಬಳು ರಸ್ತೆ ದಾಟುತ್ತಿದ್ದಳು. ಬಲಗಡೆ ಎದುರಿನಿಂದ ಲಾರಿ. ರಂಗನಾಥ ಇಡೀ ಮೈಭಾರ ಹಾಕಿ ಬ್ರೇಕ್ ತುಳಿದ. ಹಳೆಯ ಟೈರಾಗಿದ್ದರೆ ನಿಲ್ಲುತ್ತಿದ್ದ ಜಾಗ ಬಂತು, ಹೋಯಿತು. ಗಾಡಿ ನಿಲ್ಲಲಿಲ್ಲ. ಹೆಂಗಸು ತಿರುಗಿ ನೋಡಿದಳು. ಹೊರೆಯ ಕೆಳಗೆ ಅವಳ ಕಣ್ಣು ಎಷ್ಟು ದೊಡ್ಡವಾಗಿದ್ದವೆಂದರೆ ರಂಗನಾಥನಿಗೆ ಆ ಕಣ್ಣು ಬಿಟ್ಟು ಬೇರೇನೂ ಕಾಣಲಿಲ್ಲ.

ಸ್ಟೇರಿಂಗನ್ನು ಎಡಕ್ಕೆ ಎಳೆದ. ಮುಕ್ಕಾಲಿಗೆ ಬಂದು ಅದು ನಿಂತಿತು. ಟೈರು ಒಳಗಿನ ತಗಡಿಗೆ ಕಚ್ಚಿಕೊಂಡಿತ್ತು. ಮುಂದೆ ತಿರುಗಲೊಲ್ಲದು, ಹಿಂದೆ ಬರಲೊಲ್ಲದು. "ಅವ್ವಾ!" ಅಂತ ಬಾಯಲ್ಲಿ ಬಂತು. ಹಲ್ಲು ಕಚ್ಚಿ ಎರಡೂ ಕೈಯಲ್ಲಿ ಇನ್ನೊಮ್ಮೆ ಎಳೆದ. ಏನೋ ಹರಿದ ಸದ್ದು, ಚಕ್ರ ತಿರುಗಿತು. ಡ್ರಮ್ಮಿನ ನೀರೆಲ್ಲ ಬಲಗಡೆಗೆ ನುಗ್ಗಿತು, ನಿಂತವರು ಒಬ್ಬರ ಮೇಲೊಬ್ಬರು ಬಿದ್ದರು, ಗಾಡಿಯ ಎಡಮಗ್ಗುಲು ನೆಲ ಬಿಟ್ಟು ಮೇಲೆದ್ದಿತು. ಆಗ ಕನ್ನಡಿಯಲ್ಲಿ ಏನೋ ಫಳ್ಳನೆ ಹೊಳೆದು ರಸ್ತೆಗೆ ಬಿದ್ದದ್ದು ಕಂಡಿತು. ಅದು ಕಲಶವೋ, ಕಲಶ ಹಿಡಿದವಳೋ ಅವನಿಗೆ ಗೊತ್ತಾಗಲಿಲ್ಲ. ಮನುಷ್ಯನಿಗೆ ಅದಕ್ಕಿಂತ ದೊಡ್ಡ ಭಯ ಇನ್ನೊಂದಿರಲಾರದು.

ಗಾಡಿ ಮಗುಚಲಿಲ್ಲ. ಎತ್ತಿದ ಮಗ್ಗುಲು ಧೊಪ್ಪನೆ ಕೆಳಗೆ ಬಿತ್ತು. ರಸ್ತೆಯಿಂದಿಳಿದು ರಾಗಿ ಹೊಲದ ಬದುವಿಗೆ ಮೂತಿ ಹೊಡೆದು ನಿಂತಿತು. ಇಂಜಿನ್ನು ಆರಿತು. ಡ್ರಮ್ಮಿನ ನೀರು ಹಲಗೆಯ ಸಂದಿಯಿಂದ ಸುರಿಯುವ ಸದ್ದು ಮಾತ್ರ ಕೇಳುತ್ತಿತ್ತು.

ರಂಗನಾಥನಿಗೆ ಬಾಗಿಲು ತೆಗೆಯಲು ಕೈ ಬರಲಿಲ್ಲ. ಬಾಗಿಲು ತೆಗೆದರೆ ಹಿಂದೆ ಹೋಗಬೇಕು, ಹಿಂದೆ ಹೋದರೆ ನೋಡಬೇಕು. ಗಂಗಾಧರ ತನ್ನ ಕಡೆಯಿಂದ ಇಳಿದು ಓಡಿದ. ಆಮೇಲೆ ರಂಗನಾಥನೂ ಇಳಿದ. ಪಂಚೆ ಬಿಚ್ಚಿಹೋಗಿ ಕಾಲಿಗೆ ಸುತ್ತಿಕೊಂಡಿತು. ಅದನ್ನು ಮುದ್ದೆ ಮಾಡಿ ಹಿಡಿದುಕೊಂಡೇ ಹಿಂದಕ್ಕೆ ಹೋದ.

ಹಿಂಬದಿಯ ಬಾಗಿಲ ಹತ್ತಿರ ಮಣೆ ಇರಲಿಲ್ಲ. ಚಿಕ್ಕಗಂಗಮ್ಮ ನೆನೆದ ಜಮಖಾನದ ಮೇಲೆ ಅಂಗಾತ ಬಿದ್ದಿದ್ದಳು. ಅವಳ ಎರಡೂ ತೋಳುಗಳ ಒಳಗೆ, ಎರಡೂ ಕಾಲುಗಳ ಮಧ್ಯೆ, ಹರ್ಷಿತಾ. ಮುದುಕಿಯ ಮೊಣಕೈ ತರಚಿ ರಕ್ತ ಬರುತ್ತಿತ್ತು. ಹುಡುಗಿಯ ಕಣ್ಣು ತೆರೆದಿದ್ದವು. ಉಸಿರಾಡುತ್ತಿದ್ದಳು. ರಂಗನಾಥ ಗಾಡಿಯ ಅಂಚು ಹಿಡಿದು ಉಳಿದವರನ್ನೆಲ್ಲ ಒಬ್ಬೊಬ್ಬರಾಗಿ ನೋಡಿದ. ಬೇರೆಯವರಿಗೆ ಏಟು ಬಿದ್ದಿತ್ತು, ಒಬ್ಬರ ತುಟಿ ಒಡೆದಿತ್ತು, ಮಂಗಳಗೌರಿಯ ಬಳೆಯೆಲ್ಲ ಚೂರಾಗಿ ಕೈ ಕುಯ್ದಿತ್ತು. ಜೀವಕ್ಕೆ ಯಾರಿಗೂ ಏನೂ ಆಗಿರಲಿಲ್ಲ. ರಸ್ತೆಯ ನಡುವೆ ತಾಮ್ರದ ಕಲಶ ಲಾರಿಯ ಚಕ್ರಕ್ಕೆ ಸಿಕ್ಕಿ ಬಸ್ಸಿನ ಹಿಂದೆ ಚಪ್ಪಟೆಯಾಗಿ ಬಿದ್ದಿತ್ತು. ಹುಲ್ಲು ಹೊತ್ತ ಹೆಂಗಸು ಹೊರೆ ಇಳಿಸಿ ಅದರ ಪಕ್ಕದಲ್ಲೇ ಕೂತು ಅಳುತ್ತಿದ್ದಳು.

"ಕಲಶ..." ಅಂದಳು ನೆಂಟರ ಹೆಂಗಸೊಬ್ಬಳು. "ಅಯ್ಯೋ, ಕಲಶ ಬಿದ್ದೋಯ್ತಲ್ಲವ್ವ. ಯಾರ್ ಮೈಲಿಗೇನೋ ಏನೋ—"

"ಬಾಯ್ ಮುಚ್ಚು" ಅಂದಳು ಚಿಕ್ಕಗಂಗಮ್ಮ. "ಬೀಳ್ನಿಲ್ಲ ಅದು. ನಾನೇ ಕಿತ್ತು ಬಿಸಾಕ್ದೆ. ಕಲಶ ಹಿಡ್ಕಂಡ್ರೆ ಮಗೀನ ಹಿಡ್ಯಕ್ಕಾಗ್ತಿರ್ನಿಲ್ಲ."

ಅವಳು ನಿಧಾನವಾಗಿ ಎದ್ದು ಕೂತು ರಂಗನಾಥನ ಕಡೆ ನೋಡಿದಳು. ಸಿಟ್ಟಿರಲಿಲ್ಲ ಆ ನೋಟದಲ್ಲಿ. ಸಿಟ್ಟಾದರೂ ಇದ್ದಿದ್ದರೆ ಅವನು ತಡೆದುಕೊಳ್ಳುತ್ತಿದ್ದ.

"ಮರದ ಹತ್ರ ಯಾಕ್ಲಾ ನಿಲ್ಲಿಸ್ನಿಲ್ಲ?"

"ನಿಲ್ಲಿಸ್ಬಾರ್ದು ಅಂತ ನೀನೇ ಅಲ್ವಾ ಅತ್ತೆ..."

"ನಾನ್ ಹೇಳ್ದೆ. ನಂಗೇನ್ ಗೊತ್ತಿತ್ತು? ನಿಂಗ್ ಗೊತ್ತಿತ್ತು. ಕೆರೆ ಹತ್ರ ಮಸಿ ಬೆರಳು ಪಂಚೆಗ್ ಒರಸ್ಕಂಡ್ಯಲ್ಲ, ನಾನ್ ನೋಡ್ಲಿಲ್ವಾ?"

ಎಲ್ಲರೂ ಅವನ ಪಂಚೆ ನೋಡಿದರು. ಮುದ್ದೆಯಾಗಿದ್ದರೂ ಆ ಕರೀ ಗೀರು ಎದ್ದು ಕಾಣುತ್ತಿತ್ತು. ಮಂಗಳಗೌರಿ ಒಂದು ಸಲ ಗಂಡನನ್ನು, ಒಂದು ಸಲ ಬದುವಿಗೆ ಒರಗಿದ್ದ ಹರಿದ ಟೈರನ್ನು ನೋಡಿ ಮುಖ ತಿರುಗಿಸಿದಳು. ಅಷ್ಟು ಜನರ ಮುಂದೆ ಅವಳನ್ನು ಡೇಟು ಕೇಳಿದಾಗ, ತಪ್ಪು ಟೈರಿನದು ಅಂತ ಗೊತ್ತಿದ್ದೂ ಅವನು ಬಾಯಿ ಬಿಟ್ಟಿರಲಿಲ್ಲ ಅನ್ನುವುದು ಅವಳಿಗೆ ಈಗ ಅರ್ಥವಾಗಿತ್ತು.

ರಂಗನಾಥ ಮಗಳ ಹತ್ತಿರ ಸರಿದ. "ಹರ್ಷಿ" ಅಂದ, ಅಷ್ಟೇ.

ಹುಡುಗಿ ಅವನ ದನಿ ಕೇಳಿದ್ದೇ ಬೆಚ್ಚಿ ಅಜ್ಜಿಯ ಮಡಿಲಿಗೆ ಇನ್ನಷ್ಟು ಒತ್ತಿಕೊಂಡಳು. ಅವಳಿಗೆ ಬಸ್ಸಿನ ಭಯವಿರಲಿಲ್ಲ, ರಸ್ತೆಯ ಭಯವಿರಲಿಲ್ಲ. ಅವಳು ಹೆದರಿದ್ದು ಅಪ್ಪನಿಗೆ.

"ಅಪ್ಪಾ, ನಾನು ಬಿಟ್ಟಿಲ್ಲ" ಅಂದಳು. "ಅಜ್ಜೀನೇ ಕಿತ್ಕೊಂಡ್ರು. ನೀನ್ ಬಿಡ್ಬೇಡ ಅಂದಿದ್ದಲ್ಲ... ನಾನ್ ಬಿಡ್ತಾನೇ ಇರ್ಲಿಲ್ಲ ಅಪ್ಪಾ. ದೇವ್ರಾಣೆ ಬಿಡ್ತಿರ್ಲಿಲ್ಲ."

ಅವಳ ಎರಡೂ ಕೈ ಇನ್ನೂ ಎದೆಯ ಮುಂದೆ ದುಂಡಗೆ ಬಾಗಿ, ಇಲ್ಲದ ಕಲಶವನ್ನು ಹಿಡಿದುಕೊಂಡಿದ್ದವು. ರಂಗನಾಥ ಆ ಕೈಗಳನ್ನು ತನ್ನ ಕೈಗೆ ತೆಗೆದುಕೊಂಡು ಬೆರಳು ಬಿಡಿಸಲು ನೋಡಿದ. ಬಿಡಿಸಲು ಆಗಲಿಲ್ಲ.